ನಡಿಗೆಯೆಂಬ ಓದು: ಬೆಂಗಳೂರಿನ ಹೆಗ್ಗುರುತುಗಳು ಮತ್ತು ನಗರವಾಸ್ತುವಿನ ಸಾಂಸ್ಕೃತಿಕ ಪಠ್ಯ

1. ಪೀಠಿಕೆ

ನಗರವನ್ನು ಕುರಿತ ಅಧ್ಯಯನಗಳು ಕನ್ನಡದಲ್ಲಿ ಪ್ರಧಾನವಾಗಿ ಎರಡು ನೆಲೆಗಳಲ್ಲಿ ನಡೆದಿವೆ. ಶಾಸನ, ಕೈಫಿಯತ್ತು ಹಾಗೂ ಆಡಳಿತ ದಾಖಲೆಗಳನ್ನು ಆಧರಿಸಿದ ಸ್ಥಳೀಯ ಚರಿತ್ರೆಯ ನೆಲೆ ಒಂದಾದರೆ, ಕಥೆ ಕಾದಂಬರಿಗಳಲ್ಲಿ ನಗರಪ್ರಜ್ಞೆಯನ್ನು ಶೋಧಿಸುವ ಸಾಹಿತ್ಯ ವಿಮರ್ಶೆಯ ನೆಲೆ ಇನ್ನೊಂದು. ಮೊದಲನೆಯದಕ್ಕೆ ನಗರವೆಂಬುದು ಇಸವಿಗಳ ಸರಣಿ. ಎರಡನೆಯದಕ್ಕೆ ಅದು ಪಾತ್ರಗಳ ಒಳತೋಟಿಯ ಹಿನ್ನೆಲೆ. ಕಲ್ಲು, ಮರ, ಗಾರೆ, ಹೆಂಚುಗಳಲ್ಲಿ ಕಟ್ಟಲಾದ, ದಿನನಿತ್ಯ ಜನ ಹಾದುಹೋಗುವ ನಗರವು ಇವೆರಡರ ನಡುವೆ ಉಳಿದುಹೋಗಿದೆ. ಈ ನಗರವನ್ನು ಬಿಡುವಿನ ವೇಳೆಯಲ್ಲಿ ಕಾಲ್ನಡಿಗೆಯಲ್ಲಿ ನೋಡುತ್ತ ಹೋಗುವ ಕ್ರಿಯೆಯನ್ನು ಸಾಮಾನ್ಯವಾಗಿ ಪ್ರವಾಸೋದ್ಯಮದ ವಿಷಯವೆಂದು ಭಾವಿಸಲಾಗುತ್ತದೆ. ಆದರೆ ಅಂಥ ನಡಿಗೆಯನ್ನು ಒಂದು ಓದಿನ ಕ್ರಮವಾಗಿ ಪರಿಗಣಿಸಲು ಸಾಧ್ಯವೇ, ಸಾಧ್ಯವಾದರೆ ಕನ್ನಡ ಸಂಶೋಧನೆಗೆ ಅದರಿಂದ ದೊರೆಯುವುದೇನು ಎಂಬ ಪ್ರಶ್ನೆಗಳನ್ನು ಬೆಂಗಳೂರನ್ನು ಆಕರವಾಗಿಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ಚರ್ಚಿಸಲಾಗಿದೆ.

ಬೆಂಗಳೂರಿನ ವಾಸ್ತುವನ್ನು ‘ಪೇಟೆ’ ಮತ್ತು ‘ದಂಡು’ ಎಂಬ ಜೋಡಿಯ ಮೂಲಕ ವಿವರಿಸುವುದು ರೂಢಿಯಾಗಿದೆ. ಪೇಟೆ ದೇಶೀಯ, ದಂಡು ವಸಾಹತುಶಾಹಿ ಎಂಬ ಈ ವಿಭಜನೆಗೆ ಚಾರಿತ್ರಿಕ ಆಧಾರವಿದೆ. ಆದರೂ ನಡೆಯುವವನ ಕಣ್ಣಿಗೆ ಕಾಣುವ ನಗರ ಈ ಜೋಡಿಯೊಳಗೆ ಪೂರ್ಣವಾಗಿ ಹಿಡಿಯುವುದಿಲ್ಲ. ಕಟ್ಟಡಗಳಷ್ಟೇ ಹೆಗ್ಗುರುತುಗಳಲ್ಲ, ಹೆಸರು, ನೀರು ಮತ್ತು ಆಚರಣೆಯ ಹಾದಿಗಳೂ ಹೆಗ್ಗುರುತುಗಳೇ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

2. ನಗರವರ್ಣನೆಯ ಪರಂಪರೆ ಮತ್ತು ನಡೆಯುವ ಕಣ್ಣು

ನಗರವನ್ನು ನೋಡುವ ಕ್ರಮವೊಂದು ಕನ್ನಡ ಕಾವ್ಯಪರಂಪರೆಯಲ್ಲಿ ಮೊದಲಿನಿಂದಲೂ ಇದೆ. ಮಹಾಕಾವ್ಯಕ್ಕೆ ಅಗತ್ಯವಾದ ವರ್ಣನೆಗಳನ್ನು ಹೇಳುವಾಗ ದಂಡಿಯ ‘ಕಾವ್ಯಾದರ್ಶ’ವು ನಗರವನ್ನೇ ಮೊದಲು ಹೆಸರಿಸುತ್ತದೆ. ಅಷ್ಟಾದಶವರ್ಣನೆಗಳಲ್ಲಿ ಪುರವರ್ಣನೆಯ ಸ್ಥಾನ ಕನ್ನಡ ಚಂಪೂಗಳಲ್ಲಿ ಸ್ಥಿರವಾಗಿ ಉಳಿಯಿತು. ಈ ವರ್ಣನೆಗಳ ಸಾಮಾನ್ಯ ಲಕ್ಷಣವೆಂದರೆ ಅವು ನಗರವನ್ನು ದೂರದಿಂದ, ಸಮಗ್ರವಾಗಿ ನೋಡುತ್ತವೆ. ಅಗಳು, ಕೋಟೆ, ತೆನೆ, ಗೋಪುರ, ಉಪವನಗಳು ಕ್ರಮವಾಗಿ ಬರುತ್ತವೆ. ಇಲ್ಲಿ ನೋಡುವ ಕಣ್ಣಿಗೆ ಆಯಾಸವಿಲ್ಲ, ಅಡ್ಡಿಯಿಲ್ಲ.

ಇದಕ್ಕೆ ಭಿನ್ನವಾದ ನೋಟವೂ ಅದೇ ಪರಂಪರೆಯೊಳಗಿದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಸುಭದ್ರೆಗೆ ಸೋತ ಅರ್ಜುನನು ರಾತ್ರಿಯಲ್ಲಿ ಸೂಳೆಗೇರಿಯೊಳಗೆ ನಡೆದಾಡುವ ಭಾಗವು ಗಮನಾರ್ಹ. ಅಲ್ಲಿ ನಗರ ಚಿತ್ರಪಟವಾಗಿ ನಿಲ್ಲದೆ, ತುಣುಕು ತುಣುಕಾದ ಮಾತು, ದೃಶ್ಯ, ಪರಿಮಳಗಳಾಗಿ ಎದುರಾಗುತ್ತದೆ. 1648ರಲ್ಲಿ ಗೋವಿಂದವೈದ್ಯ ರಚಿಸಿದ ‘ಕಂಠೀರವ ನರಸರಾಜ ವಿಜಯ’ವು ಶ್ರೀರಂಗಪಟ್ಟಣವನ್ನೂ ಅದರ ನವರಾತ್ರಿಯನ್ನೂ ಸಾಂಗತ್ಯದ ನಡೆಯಲ್ಲಿ ವಿವರವಾಗಿ ಕಾಣಿಸುತ್ತದೆ. ಮೇಲಿನಿಂದ ನೋಡುವ ನಗರ ಮತ್ತು ಒಳಗಿನಿಂದ ನಡೆಯುವ ನಗರ ಎಂಬ ಭೇದವು ಹೀಗೆ ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ.

ಆಧುನಿಕ ಚಿಂತನೆಯಲ್ಲಿ ಇದೇ ಭೇದ ಸೈದ್ಧಾಂತಿಕ ರೂಪ ಪಡೆದಿದೆ. ಕೆವಿನ್ ಲಿಂಚ್ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ನಿವಾಸಿಗಳು ತಮ್ಮ ಊರನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಬಗೆಯನ್ನು ಪರಿಶೀಲಿಸಿ ಹಾದಿ, ಅಂಚು, ವಲಯ, ಸಂಧಿ, ಹೆಗ್ಗುರುತು ಎಂಬ ಐದು ಘಟಕಗಳನ್ನು ಗುರುತಿಸಿದ. ಮಿಶೆಲ್ ದ ಸರ್ತೋ 1980ರಲ್ಲಿ, ನ್ಯೂಯಾರ್ಕಿನ ಗಗನಚುಂಬಿಯೊಂದರ ತುದಿಯಿಂದ ಕಾಣುವ ನಗರಕ್ಕೂ ಕೆಳಗೆ ನಡೆಯುವವರ ನಗರಕ್ಕೂ ಇರುವ ಅಂತರವನ್ನು ಚರ್ಚಿಸಿ, ನಡಿಗೆಯನ್ನು ಉಕ್ತಿಗೆ ಹೋಲಿಸಿದ. ಭಾಷೆ ಎಲ್ಲರದಾದರೂ ಉಕ್ತಿ ಆಡುವವನದು. ಹಾಗೆಯೇ ಬೀದಿ ಎಲ್ಲರದಾದರೂ ಹಾದಿ ನಡೆಯುವವನದು. ವಾಲ್ಟರ್ ಬೆಂಜಮಿನ್ ಪ್ಯಾರಿಸ್ಸಿನ ಅಲೆಮಾರಿ ನೋಟಕನಲ್ಲಿ ಆಧುನಿಕತೆಯ ಸಾಕ್ಷಿಯನ್ನು ಕಂಡ.

ಈ ಪರಿಕಲ್ಪನೆಗಳನ್ನು ಬೆಂಗಳೂರಿಗೆ ಯಥಾವತ್ತಾಗಿ ಅನ್ವಯಿಸಲು ಬರುವುದಿಲ್ಲ. ಬೆಂಜಮಿನ್ ಕಂಡ ಅಲೆಮಾರಿಗೆ ಬಿಡುವು, ಗಾಜಿನ ಮಾಡಿನ ಅಂಗಡಿಬೀದಿ ಹಾಗೂ ಯಾರ ಕಣ್ಣಿಗೂ ಬೀಳದೆ ನಡೆಯುವ ಪುರುಷಸಹಜ ಸ್ವಾತಂತ್ರ್ಯ ಇವೆ. ಚಿಕ್ಕಪೇಟೆಯ ಬೀದಿಯಲ್ಲಿ ನಡೆಯುವವನು ತಲೆಹೊರೆಯ ಕೂಲಿಯವನಿಗೂ ಕೈಗಾಡಿಗೂ ದಾರಿ ಬಿಡಬೇಕು. ಅಲ್ಲಿ ಬಿಡುವಿನಿಂದ ನಡೆಯುವವನು ದುಡಿಯುವವನ ಹಾದಿಗೆ ಅಡ್ಡ ಬಂದವನು. ಹೆಣ್ಣಿನ ಬಿಡುವಿನ ನಡಿಗೆಗೆ ಹೊತ್ತು, ಸ್ಥಳ, ಜೊತೆಗಳ ನಿರ್ಬಂಧಗಳಿವೆ. ಆದುದರಿಂದ ನಡಿಗೆಯ ಓದನ್ನು ಕುರಿತು ಮಾತನಾಡುವಾಗ ಯಾರ ನಡಿಗೆ ಎಂಬ ಪ್ರಶ್ನೆಯನ್ನು ಬಿಡಲಾಗದು.

3. ಪೇಟೆ: ಹೆಸರುಗಳಲ್ಲಿ ಉಳಿದ ವಾಸ್ತು

ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ಶಾಸನವು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಉಲ್ಲೇಖಿಸುತ್ತದೆ. ಬೆಂದ ಕಾಳಿನ ಜನಪ್ರಿಯ ಐತಿಹ್ಯಕ್ಕಿಂತ ಊರ ಹೆಸರು ಹಳೆಯದೆಂಬುದಕ್ಕೆ ಇದೇ ಸಾಕ್ಷಿ. ಆದರೆ ಇಂದಿನ ನಗರದ ಬೀಜರೂಪವನ್ನು 1537ರಲ್ಲಿ ಒಂದನೆಯ ಕೆಂಪೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಹಾಗೂ ಪೇಟೆಯಲ್ಲಿ ಗುರುತಿಸಲಾಗುತ್ತದೆ. ಉತ್ತರ–ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ–ಪಶ್ಚಿಮವಾಗಿ ಚಿಕ್ಕಪೇಟೆ ಎಂಬ ಎರಡು ಬೀದಿಗಳು ಸಂಧಿಸುವಲ್ಲಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಎತ್ತುಗಳನ್ನು ಅಟ್ಟಿದರೆಂಬ ಐತಿಹ್ಯವಿದೆ. ಐತಿಹ್ಯದ ಸತ್ಯಾಸತ್ಯತೆಗಿಂತ ಅದರ ರೂಪಕ ಮುಖ್ಯ. ಬೇಸಾಯದ ಸಾಲಿನ ಮೇಲೆ ವ್ಯಾಪಾರದ ಬೀದಿ ಹಾದುಹೋಯಿತೆಂಬ ಗ್ರಹಿಕೆ ಅದರಲ್ಲಿದೆ.

ಈ ಪೇಟೆಯಲ್ಲಿ ನಡೆಯುವವನಿಗೆ ಹದಿನಾರನೆಯ ಶತಮಾನದ ಕಟ್ಟಡಗಳು ಸಾಲುಸಾಲಾಗಿ ಕಾಣುವುದಿಲ್ಲ. ಹಳೆಯ ತಾರಸಿಯ ಮನೆಗಳ ಸ್ಥಾನದಲ್ಲಿ ಕಾಂಕ್ರೀಟಿನ ಮಳಿಗೆಗಳು ಎದ್ದಿವೆ. ಉಳಿದಿರುವುದು ಬೀದಿಯ ಅಗಲ, ತಿರುವು ಮತ್ತು ಹೆಸರು. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ, ತರಗುಪೇಟೆ ಎಂಬ ಹೆಸರುಗಳು ಸರಕನ್ನು ಹೇಳುತ್ತವೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ, ಗೊಲ್ಲರಪೇಟೆಗಳು ಸಮುದಾಯವನ್ನು ಹೇಳುತ್ತವೆ. ಒಂದು ನಗರದ ಅರ್ಥವ್ಯವಸ್ಥೆ ಹಾಗೂ ಜಾತಿವ್ಯವಸ್ಥೆಗಳೆರಡೂ ನೆಲದ ಮೇಲೆ ಹರಡಿಕೊಂಡ ಬಗೆಯನ್ನು ಈ ಹೆಸರುಗಳ ಪಟ್ಟಿಯಿಂದಲೇ ಪುನಾರಚಿಸಬಹುದು.

ಪೇಟೆಯ ಕೋಟೆಬಾಗಿಲುಗಳ ವಿಷಯ ಇನ್ನೂ ಕುತೂಹಲಕರ. ಹಲಸೂರು, ಸೊಂಡೆಕೊಪ್ಪ, ಯಲಹಂಕ, ಆನೇಕಲ್ಲು ದಿಕ್ಕಿನ ಬಾಗಿಲುಗಳು ಕೋಟೆಗೋಡೆಯೊಂದಿಗೆ ಅಳಿದುಹೋದವು. ಆದರೆ ಪೊಲೀಸ್ ಠಾಣೆಯೊಂದು ಇಂದಿಗೂ ‘ಹಲಸೂರು ಗೇಟ್’ ಹೆಸರಿನಲ್ಲಿದೆ. ಬಾಗಿಲಿಲ್ಲದ ಬಾಗಿಲಿನ ಹೆಸರು ಸರ್ಕಾರಿ ದಾಖಲೆಯಲ್ಲಿ, ಬಸ್ಸಿನ ಪ್ರಯಾಣಿಕರ ಬಾಯಲ್ಲಿ ಉಳಿದಿದೆ. ದೊಡ್ಡಪೇಟೆ ಮಾತ್ರ ‘ಅವೆನ್ಯೂ ರಸ್ತೆ’ಯಾಯಿತು. ಕಲ್ಲಿಗಿಂತ ಹೆಸರು ಗಟ್ಟಿಯೆಂಬುದೂ, ಆದರೂ ಅದು ಅಳಿಯಬಲ್ಲದೆಂಬುದೂ ಈ ಎರಡು ನಿದರ್ಶನಗಳಿಂದ ಸ್ಪಷ್ಟವಾಗುತ್ತದೆ.

4. ಕೋಟೆ ಮತ್ತು ಮರದ ಅರಮನೆ

ಪೇಟೆಯ ದಕ್ಷಿಣಕ್ಕಿರುವ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಪುನರ್ನಿರ್ಮಿಸಿದ. ಇಂದು ಉಳಿದಿರುವುದು ದೆಹಲಿ ಬಾಗಿಲು ಹಾಗೂ ಅದಕ್ಕೆ ಹೊಂದಿಕೊಂಡ ಅಲ್ಪ ಭಾಗ. ಬಾಗಿಲ ಕಲ್ಲುಗಳ ಮೇಲಿನ ಉಬ್ಬುಶಿಲ್ಪಗಳು ಹಾಗೂ ಒಳಗಿನ ಗಣಪತಿ ಗುಡಿ, ಆಳರಸರು ಬದಲಾದರೂ ಕೆಲಸಗಾರರ ಪರಂಪರೆ ಬದಲಾಗದೆ ಮುಂದುವರಿದುದನ್ನು ಸೂಚಿಸುತ್ತವೆ. ಕೋಟೆಗೋಡೆಯ ಮೇಲೆ 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನೆ ನುಗ್ಗಿದ ಬಿರುಕನ್ನು ಗುರುತಿಸುವ ಇಂಗ್ಲಿಷ್ ಫಲಕವಿದೆ. ಕೋಟೆಯನ್ನು ಕಟ್ಟಿದವರ ಬಗೆಗೆ ಮೌನವಾಗಿದ್ದು, ಕೆಡವಿದವರ ಬಗೆಗೆ ಮಾತನಾಡುವ ಈ ಫಲಕವು ಸ್ಮಾರಕಗಳು ಯಾರ ಭಾಷೆಯಲ್ಲಿ ಯಾರ ಚರಿತ್ರೆಯನ್ನು ಹೇಳುತ್ತವೆಂಬ ಪ್ರಶ್ನೆಯನ್ನು ಎತ್ತುತ್ತದೆ.

ಇಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ಸಿಗುತ್ತದೆ. 1781ರಲ್ಲಿ ಹೈದರ್ ಆರಂಭಿಸಿ 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಈ ಎರಡಂತಸ್ತಿನ ಕಟ್ಟಡದಲ್ಲಿ ತೇಗದ ಕಂಬ ಕಮಾನುಗಳದೇ ಪ್ರಾಧಾನ್ಯ. ಪಕ್ಕದಲ್ಲಿಯೇ ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ ಕೋಟೆ ವೆಂಕಟರಮಣ ದೇವಾಲಯವಿದೆ. ದೇವಾಲಯದ ಕಲ್ಲುಗಂಬವನ್ನೂ ಅರಮನೆಯ ಮರಗಂಬವನ್ನೂ ಒಂದೇ ನಡಿಗೆಯಲ್ಲಿ ನೋಡುವವನಿಗೆ, ಪುಸ್ತಕಗಳು ‘ದ್ರಾವಿಡ’ ಮತ್ತು ‘ಇಸ್ಲಾಮಿಕ್’ ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟ ಶೈಲಿಗಳು ನೆರೆಮನೆಗಳಾಗಿ ಬಾಳಿದ್ದು ಅರಿವಿಗೆ ಬರುತ್ತದೆ. ಶೈಲಿಯ ವರ್ಗೀಕರಣ ಕಡಿದುಹಾಕುವ ಸಾಮೀಪ್ಯವನ್ನು ನಡಿಗೆ ಮರಳಿ ಕೂಡಿಸುತ್ತದೆ.

5. ಎದುರುಬದುರಿನ ಎರಡು ಕಟ್ಟಡಗಳು

1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶವು ಪೇಟೆಗೆ ಪ್ರತ್ಯೇಕವಾಗಿ ಬೆಳೆಯಿತು. ಬ್ರಿಗೇಡ್, ಇನ್‌ಫೆಂಟ್ರಿ, ರೆಸಿಡೆನ್ಸಿ ಎಂಬ ರಸ್ತೆಗಳ ಹೆಸರುಗಳು ಸೇನೆ ಹಾಗೂ ಆಡಳಿತದ ನಿಘಂಟಿಗೆ ಸೇರಿದವು. ಸರಕು, ಸಮುದಾಯಗಳ ಬದಲು ಪಡೆ, ಅಧಿಕಾರಗಳು ಇಲ್ಲಿ ಹೆಸರಾದವು. ಎರಡು ಪುರಸಭೆಗಳು ಒಂದಾಗಿ ನಗರಪಾಲಿಕೆಯಾದುದು 1949ರಲ್ಲಿ. ಇವುಗಳ ನಡುವೆ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವು ಅಂಚೂ ಹೌದು, ಸೇತುವೆಯೂ ಹೌದು.

ಉದ್ಯಾನದ ಅಂಚಿನಲ್ಲಿರುವ ಅಠಾರಾ ಕಚೇರಿ 1868ರಲ್ಲಿ ಪೂರ್ಣಗೊಂಡಿತು. ಕೆಂಪು ಬಣ್ಣದ ಈ ಉದ್ದನೆಯ ಕಟ್ಟಡ ಗ್ರೀಕ್–ರೋಮನ್ ಮಾದರಿಯ ಕಂಬಗಳದು. ನಿರ್ಮಾಣದ ಗುತ್ತಿಗೆ ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಹದಿನೆಂಟು ಇಲಾಖೆಗಳಿಗೆ ಆಶ್ರಯವಿತ್ತುದರಿಂದ ಬಂದ ‘ಅಠಾರಾ’ ಎಂಬುದು ಉರ್ದು–ಹಿಂದುಸ್ತಾನಿಯ ಪದ. ಐರೋಪ್ಯ ವಿನ್ಯಾಸ, ತಮಿಳು ಮೂಲದ ಗುತ್ತಿಗೆದಾರ, ಹಿಂದುಸ್ತಾನಿ ಹೆಸರು, ಕನ್ನಡದ ಜನಬಳಕೆ ಇವೆಲ್ಲ ಸೇರಿ ಒಂದು ಕಟ್ಟಡವಾಗಿದೆ. ಇದನ್ನು ‘ವಸಾಹತುಶಾಹಿ ವಾಸ್ತು’ವೆಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಅವಸರದ ತೀರ್ಮಾನ. 1980ರ ದಶಕದಲ್ಲಿ ಇದನ್ನು ಕೆಡಹುವ ಪ್ರಸ್ತಾಪ ಬಂದಾಗ ನಾಗರಿಕರ ವಿರೋಧದಿಂದ ಅದು ಉಳಿಯಿತು. ಇಂದು ಅಲ್ಲಿ ಉಚ್ಚ ನ್ಯಾಯಾಲಯವಿದೆ. ಪರಕೀಯರು ಕಟ್ಟಿಸಿದ್ದನ್ನು ಊರವರು ತಮ್ಮದೆಂದು ಉಳಿಸಿಕೊಂಡ ಈ ಪ್ರಸಂಗ ದೇಶೀಯ–ವಸಾಹತು ಎಂಬ ಸರಳ ವೈರುಧ್ಯವನ್ನು ಪ್ರಶ್ನಿಸುತ್ತದೆ.

ಇದಕ್ಕೆ ಎದುರಾಗಿ ನಿಂತಿರುವುದು ವಿಧಾನಸೌಧ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ನೆರವೇರಿಸಿದರು. ಕೆ.ಸಿ. ರೆಡ್ಡಿಯವರ ಕಾಲದ ಸರಳ ಯೋಜನೆಯನ್ನು ಕೆಂಗಲ್ ಹನುಮಂತಯ್ಯನವರು ವಿಸ್ತರಿಸಿ ದ್ರಾವಿಡ ವಾಸ್ತುವಿನ ಭವ್ಯ ರೂಪಕ್ಕೆ ಬದಲಿಸಿದರು, ಬಿ.ಆರ್. ಮಾಣಿಕ್ಯಂ ಅವರ ಮುಖ್ಯ ವಾಸ್ತುಶಿಲ್ಪಿತನದಲ್ಲಿ 1956ರಲ್ಲಿ ಕಟ್ಟಡ ಪೂರ್ಣಗೊಂಡಿತು. ನಿಮ್ಮದೇ ವಾಸ್ತು ನಿಮಗಿಲ್ಲವೇ ಎಂಬ ವಿದೇಶಿ ಅತಿಥಿಗಳ ಪ್ರಶ್ನೆ ಈ ಬದಲಾವಣೆಗೆ ಪ್ರೇರಣೆಯಾಯಿತೆಂಬ ಹೇಳಿಕೆ ಪ್ರಚಲಿತವಾಗಿದೆ. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಕಲ್ಲುಗಂಬಗಳು, ಅವುಗಳಿಗೆ ಏರಿಸುವ 45 ಮೆಟ್ಟಿಲುಗಳು, ಮೇಲೆ ಗುಮ್ಮಟ ಮತ್ತು ಸಿಂಹಲಾಂಛನ ಇವು ದೇವಾಲಯದ ಭಾಷೆಯನ್ನು ಪ್ರಜಾಪ್ರಭುತ್ವಕ್ಕೆ ಅಳವಡಿಸುತ್ತವೆ. ಸರ್ಕಾರದ ಕೆಲಸವು ದೇವರ ಕೆಲಸವೆಂದು ಸಾರುವ ಮುಖಭಾಗದ ಬರಹ ಅದೇ ರೂಪಕದ ವಾಚ್ಯ. ಇಲ್ಲೊಂದು ವಿರೋಧಾಭಾಸವೂ ಇದೆ. ನಿರ್ಮಾಣದಲ್ಲಿ ದುಡಿದವರಲ್ಲಿ ಕೈದಿಗಳೂ ಇದ್ದರು. ಸ್ವತಂತ್ರ ನಾಡಿನ ಸೌಧದ ಕಲ್ಲುಗಳ ಮೇಲೆ ಸ್ವಾತಂತ್ರ್ಯವಿಲ್ಲದವರ ಬೆವರೂ ಇದೆಯೆಂಬುದನ್ನು ಮರೆಯುವಂತಿಲ್ಲ.

ಎರಡೂ ಕಟ್ಟಡಗಳ ನಡುವಿನ ಬೀದಿಗೆ ಅಂಬೇಡ್ಕರ್ ಅವರ ಹೆಸರಿದೆ. ಶಾಸನ ಮಾಡುವ ಮನೆಗೂ ನ್ಯಾಯ ಹೇಳುವ ಮನೆಗೂ ಮಧ್ಯೆ ಸಂವಿಧಾನಶಿಲ್ಪಿಯ ಹೆಸರಿನ ಬೀದಿ ಹಾದುಹೋಗುವುದು ಆಕಸ್ಮಿಕವೋ ಉದ್ದೇಶಪೂರ್ವಕವೋ, ನಡೆಯುವವನಿಗೆ ಮಾತ್ರ ಅದು ಅರ್ಥಪೂರ್ಣ ವಾಕ್ಯವಾಗಿ ಕೂಡಿಕೊಳ್ಳುತ್ತದೆ.

6. ಬಡಾವಣೆ: ಜಗಲಿಯಿಂದ ಕಾಂಪೌಂಡಿಗೆ

1898ರ ಪ್ಲೇಗು ಬೆಂಗಳೂರಿನ ವಾಸ್ತುವಿನ ಸ್ವರೂಪವನ್ನು ಬದಲಿಸಿದ ಘಟನೆ. ಪೇಟೆಯ ಒತ್ತೊತ್ತಾದ ಮನೆಗಳು ರೋಗದ ನೆಲೆಯೆನಿಸಿ, ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ಗಾಳಿಬೆಳಕಿನ ಆದರ್ಶದೊಂದಿಗೆ ರೂಪುಗೊಂಡವು. ನೇರ ರಸ್ತೆ, ಮನೆಗಳ ಹಿಂದಿನ ಓಣಿ, ಮರಗಳ ಸಾಲು ಹೊಸ ವಿನ್ಯಾಸದ ಅಂಗಗಳಾದವು. ಆದರೆ ಹೆಸರುಗಳು ಹೊಸವಲ್ಲ. ಬಸವನಗುಡಿ ದೊಡ್ಡ ಬಸವನ ಗುಡಿಯಿಂದಲೂ ಮಲ್ಲೇಶ್ವರಂ ಕಾಡುಮಲ್ಲೇಶ್ವರ ದೇವಾಲಯದಿಂದಲೂ ಹೆಸರು ಪಡೆದವು. ಮರಾಠ ದೊರೆ ಏಕೋಜಿಯ ಕಾಲದ 1669ರ ಶಾಸನದಲ್ಲಿ ‘ಮಲ್ಲಪುರ’ದ ಉಲ್ಲೇಖವಿದೆ. ಯೋಜಿತ ಆಧುನಿಕತೆಯು ಹಳೆಯ ಪವಿತ್ರಸ್ಥಳಗಳನ್ನು ಆತುಕೊಂಡೇ ನಿಂತಿತು.

ಇಲ್ಲಿಯ ಹಳೆಯ ಮನೆಗಳಲ್ಲಿ ಮಂಗಳೂರು ಹೆಂಚು, ಮದ್ರಾಸು ತಾರಸಿ, ಕಿಟಕಿಯ ಮೇಲೆ ಚೂಪಾದ ಮರದ ಜಾಲರಿಯ ‘ಮಂಕಿ ಟಾಪ್’ ಒಟ್ಟಿಗೆ ಕಾಣುತ್ತವೆ. ಹೆಂಚಿನ ಹಿಂದೆ 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯ ಚರಿತ್ರೆಯಿದೆ. ಹೆಚ್ಚು ಗಮನಿಸಬೇಕಾದುದು ಬೀದಿಗೂ ಮನೆಗೂ ನಡುವಿನ ಅವಕಾಶದಲ್ಲಾದ ಮಾರ್ಪಾಡು. ಪೇಟೆಯ ಮನೆಯ ಜಗಲಿ ಬೀದಿಗೇ ತೆರೆದುಕೊಂಡಿತ್ತು. ಅಪರಿಚಿತನೂ ಅಲ್ಲಿ ಕೂರಬಹುದಾಗಿತ್ತು, ಆದರೆ ಯಾವ ಅಪರಿಚಿತ ಎಲ್ಲಿಯವರೆಗೆ ಬರಬಹುದೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಬಡಾವಣೆಯ ಬಂಗಲೆ ಕಾಂಪೌಂಡಿನ ಹಿಂದೆ ಸರಿಯಿತು. ಇಂದಿನ ಬಹುಮಹಡಿ ವಸತಿಯಲ್ಲಿ ಆ ಕೆಲಸವನ್ನು ಕಾವಲುಗಾರನ ದಾಖಲೆ ಪುಸ್ತಕ ಮಾಡುತ್ತದೆ. ಜಗಲಿ, ಪಡಸಾಲೆ, ತೊಟ್ಟಿ, ಹಜಾರ, ಬೋದಿಗೆ ಎಂಬ ಪದಗಳು ಬಳಕೆಯಿಂದ ಮರೆಯಾಗುವುದೆಂದರೆ ಮನುಷ್ಯ ಸಂಬಂಧಗಳ ಒಂದು ವ್ಯಾಕರಣವೇ ಮರೆಯಾದಂತೆ.

7. ಕಾಣದ ಹೆಗ್ಗುರುತು: ಕೆರೆ

ನಗರದ ಅತ್ಯಂತ ದೊಡ್ಡ ಹೆಗ್ಗುರುತುಗಳು ಈಗ ಕಾಣದಂಥವು. ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣವಿರುವಲ್ಲಿ ಧರ್ಮಾಂಬುಧಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣವಿರುವಲ್ಲಿ ಸಂಪಂಗಿ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಊರೊಳಗಿನ ಕೆರೆಗಳು ಕುಡಿಯುವ ನೀರಿನ ಮೂಲವೆಂಬ ಸ್ಥಾನ ಕಳೆದುಕೊಂಡವು. ನೀರಿಗೆ ಬೇಡವಾದ ಕೆರೆ ಕ್ರಮೇಣ ನೆಲವಾಗಿ ಕಂಡಿತು, ನೆಲವಾದದ್ದು ನಿವೇಶನವಾಯಿತು. ಕಟ್ಟಡವನ್ನು ಕೆಡವಿದರೆ ಅವಶೇಷ ಕಣ್ಣಿಗೆ ಬೀಳುತ್ತದೆ. ಕೆರೆಯನ್ನು ತುಂಬಿಸಿದರೆ ಅದು ಮಳೆಗಾಲದಲ್ಲಿ ಮಾತ್ರ ತನ್ನ ಗುರುತು ತೋರಿಸುತ್ತದೆ.

ಈ ಕಾಣದ ನಗರವನ್ನು ನೆನಪಿನಲ್ಲಿಟ್ಟುಕೊಂಡಿರುವುದು ಬೆಂಗಳೂರು ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯ ದೇವಾಲಯದಿಂದ ಹೊರಡುವ ದ್ರೌಪದಿಯ ಕರಗವು ಪೇಟೆಯ ಬೀದಿಗಳನ್ನು ಸುತ್ತುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿಯಿತ್ತು ಮುಂದುವರಿಯುತ್ತದೆ. ಅದಕ್ಕೆ ಮುನ್ನ ನಡೆಯುವ ಹಸಿಕರಗದ ವಿಧಿಗೆ ಸಂಪಂಗಿ ಕೆರೆಯ ಉಳಿಕೆಯಾದ ಪುಟ್ಟ ಕಲ್ಯಾಣಿಯೇ ನೆಲೆ. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಕರಗವನ್ನು ನಗರಸ್ಮೃತಿಯ ಭೂದೃಶ್ಯವಾಗಿ ವಿಶ್ಲೇಷಿಸಿದ್ದಾರೆ. ತೋಟಗಾರಿಕೆಯ ಸಮುದಾಯವೊಂದಕ್ಕೆ ಕೆರೆ ಜೀವನಾಧಾರವಾಗಿತ್ತೆಂಬುದನ್ನು ನೆನೆದರೆ, ಕ್ರೀಡಾಂಗಣದ ಪಕ್ಕದ ಆ ಸಣ್ಣ ನೀರಿಗೆ ನಡೆದುಹೋಗುವುದು ಆಚರಣೆಯೂ ಹೌದು, ಹಕ್ಕಿನ ನೆನಪೂ ಹೌದು. ಬಿಡುವಿನ ನೋಟಕನ ನಡಿಗೆಗಿಂತ ಬಹಳ ಹಳೆಯದಾದ ಈ ನಡಿಗೆಯೇ ಬೆಂಗಳೂರಿನ ನಿಜವಾದ ನಗರದರ್ಶನ. ನೋಡಲೆಂದು ನಡೆಯುವವನು ಕಟ್ಟಡಗಳನ್ನು ಕಾಣುತ್ತಾನೆ. ನೆನೆಯಲೆಂದು ನಡೆಯುವವನು ಇಲ್ಲದ್ದನ್ನೂ ಕಾಣುತ್ತಾನೆ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ನಡಿಗೆಯು ಶೈಲಿ ಮತ್ತು ಕಾಲದ ವರ್ಗೀಕರಣಗಳು ಬೇರ್ಪಡಿಸಿದ ವಾಸ್ತುಗಳನ್ನು ನೆರೆಹೊರೆಯಾಗಿ ಕಾಣಿಸುತ್ತದೆ. ಎರಡನೆಯದಾಗಿ, ಪೇಟೆ–ದಂಡು ಎಂಬ ಜೋಡಿ ಉಪಯುಕ್ತವಾದರೂ ಅಪೂರ್ಣ. ಅಠಾರಾ ಕಚೇರಿಯಂಥ ಕಟ್ಟಡಗಳು ಎರಡಕ್ಕೂ ಸೇರುತ್ತವೆ, ಕೆರೆಗಳು ಎರಡಕ್ಕಿಂತಲೂ ಹಿಂದಿನವು. ಮೂರನೆಯದಾಗಿ, ಸ್ಥಳನಾಮ ಮತ್ತು ವಾಸ್ತುಪದಗಳು ಕಟ್ಟಡಗಳಷ್ಟೇ ಮೌಲಿಕವಾದ ಪುರಾವೆಗಳು. ಕಟ್ಟಡ ಅಳಿದ ಮೇಲೂ ಅವು ಸಾಕ್ಷಿ ನುಡಿಯಬಲ್ಲವು.

ಸಂರಕ್ಷಣೆಯ ಮಾತು ಸಾಮಾನ್ಯವಾಗಿ ಬಿಡಿ ಕಟ್ಟಡಗಳ ಪಟ್ಟಿಗೆ ಸೀಮಿತವಾಗಿರುತ್ತದೆ. ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಫಲಪುಷ್ಪ ಪ್ರದರ್ಶನಗಳ ಕಾರಣದಿಂದ ಜನರ ಪ್ರೀತಿಗೆ ಪಾತ್ರವಾಗಿ ಉಳಿದಿದೆ. ಅದೇ ತೋಟದ ಕ್ರಂಬಿಗೆಲ್ ಸಭಾಂಗಣ ಶಿಥಿಲವಾಗಿ 2017ರಲ್ಲಿ ಕೆಡವಲ್ಪಟ್ಟಿತು. ಬಳಕೆ ಮತ್ತು ನೆನಪುಗಳೊಂದಿಗೆ ಬೆಸೆದ ವಾಸ್ತು ಬಾಳುತ್ತದೆ, ಬೆಸುಗೆ ಕಳಚಿದ್ದು ಬೀಳುತ್ತದೆ ಎಂಬುದಕ್ಕೆ ಇವು ಅಕ್ಕಪಕ್ಕದ ನಿದರ್ಶನಗಳು.

ಈ ಬೆಸುಗೆ ಭಾಷೆಯಲ್ಲಿ ನಡೆಯುವಂಥದ್ದು. ಆದುದರಿಂದ ಇದು ವಾಸ್ತುಶಿಲ್ಪಿಗಳಿಗೆ ಮಾತ್ರ ಬಿಟ್ಟ ವಿಷಯವಲ್ಲ. ಕನ್ನಡ ವಿಭಾಗಗಳ ಕಾರ್ಯಕ್ಷೇತ್ರಕ್ಕೂ ಸೇರಿದ್ದು. ಪೇಟೆಯ ಕುಶಲಕರ್ಮಿಗಳು, ಗಾರೆಕೆಲಸದವರು, ಬಡಗಿಗಳು ಬಳಸುವ ಪದಗಳ ಸಂಗ್ರಹ, ಓಣಿ–ಕಟ್ಟೆ–ಬಾಗಿಲುಗಳ ಸ್ಥಳನಾಮ ಕೋಶ, ಅಳಿದ ಕೆರೆಗಳ ಸುತ್ತಲಿನ ಮೌಖಿಕ ಕಥನಗಳ ದಾಖಲಾತಿ ಇವು ಕ್ಷೇತ್ರಕಾರ್ಯದ ತುರ್ತು ವಿಷಯಗಳು. ಹಳಗನ್ನಡ ಕಾವ್ಯದ ಪುರವರ್ಣನೆಯನ್ನು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಒಂದು ಬೆಳಗ್ಗೆ ತಮ್ಮ ಊರಿನ ಹಳೆಯ ಬೀದಿಗೆ ಕರೆದೊಯ್ದರೆ, ಅಗಳು, ತೆನೆ, ಜಗಲಿ, ಬೋದಿಗೆಗಳು ಅರ್ಥಕೋಶದಿಂದ ಇಳಿದು ಕಣ್ಣೆದುರಿಗೆ ಬರುತ್ತವೆ. ಆ ಪದಗಳನ್ನು ಬಲ್ಲ ಹಿರಿಯರು ಆ ಬೀದಿಗಳಲ್ಲಿ ಇನ್ನೂ ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.